ನಾನು ಮುಗಿಸಿದ ಮಾತು

ಪ್ರಿಯ ಮಾಸ್ಟರ್,

ಕ್ಷೇಮ ವಿಚಾರಿಸಿ ಎರಡೇ ಸಾಲಿನಲ್ಲಿ ಈ ಪತ್ರ ಮುಗಿಸುವವಳಿದ್ದೆ. ಹಾಗಾಗಿದ್ದರೆ ಹೇಳಬೇಕಾದದ್ದು ಉಳಿದೇಹೋಗುತ್ತಿತ್ತು. ಅಂದು ಪ್ರಯೋಗಾಲಯದ ನನ್ನ ಕೋಣೆಗೆ ನೀವು ಕೇಳಲು ಬಂದದ್ದು ರಜೆಯಲ್ಲ ಎಂದು ನನಗೆ ಗೊತ್ತಿತ್ತು.

ನಿಮ್ಮ ಕೈಯಲ್ಲಿ ನೀರಿನ ಪರೀಕ್ಷೆಯ ವರದಿಯಿತ್ತು. ಒಂಬತ್ತು ಬೀದಿಗಳ ನಲ್ಲಿಗಳಿಂದ ನೀವೇ ನೀರು ಹಿಡಿದು ತಂದು, ಎಂಟು ತಿಂಗಳು ಕೂತು ಬರೆದದ್ದು. "ಮೇಡಂ, ಮೀಟಿಂಗ್ ದಿನ ನಾನು..." ಎಂದಿರಿ. ಮುಂದಿನದಕ್ಕೆ ಉಗ್ಗು ಅಡ್ಡ ಬಂತು.

"ರಜೆ ತಾನೆ? ತಗೊಳ್ಳಿ. ವರದಿ ನಾನು ಓದ್ತೀನಿ" ಎಂದೆ.

ನೀವು ವರದಿಯನ್ನು ಮೇಜಿನ ಮೇಲಿಟ್ಟು ಹೋದಿರಿ.

"ಮೇಡಂ ಇರೋವಾಗ ಮಾಸ್ಟರ್‌ಗೆ ನಾಲಿಗೆ ಯಾಕೆ?" ಎಂದು ಗುಮಾಸ್ತರು ತಮಾಷೆ ಮಾಡಿದಾಗ ನಾನೂ ನಕ್ಕಿದ್ದೆ, ಹೊಗಳಿಕೆಯೆಂದೇ ತಿಳಿದಿದ್ದೆ. ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಮೊದಲು ಕೈಯೆತ್ತಿದವರೇ ಜಾಣರು. ನಿಮ್ಮ ಉಗ್ಗಿಗೆ ನೆರವಾಗುತ್ತಿದ್ದೇನೆ ಎಂದುಕೊಂಡು ಎಷ್ಟು ವರ್ಷ ನಿಮ್ಮ ಮಾತುಗಳನ್ನು ಮುಗಿಸಿದೆನೋ. ಅದು ನೆರವೇ ಆಗಿದ್ದರೆ ಅಂದು ಬೇಕೆಂದೇ ಬೇರೆ ಮಾತನ್ನೇಕೆ ನಿಮ್ಮ ಬಾಯಿಗೆ ತುರುಕಿದೆ? ನಗರಸಭೆಯ ಮೀಟಿಂಗಿನಲ್ಲಿ ವರದಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದರು. ನೀವೇ ಓದಲು ನಲವತ್ತು ಬೇಕಿತ್ತು. ಕೇಳಿದ್ದರೆ ಕೊಡುತ್ತಿದ್ದರೇನೋ, ನಾನು ಕೇಳಲೇ ಇಲ್ಲ.

ಸಭೆಯಲ್ಲಿ ಅಧ್ಯಕ್ಷರು ಕೇಳಿದ ಒಂದೇ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದು ನಿಮ್ಮೊಬ್ಬರಿಗೆ. ಮರುವಾರ ನೀವು ವರ್ಗಾವಣೆ ಕೇಳಿದಿರಿ, ಬರವಣಿಗೆಯಲ್ಲಿ. ಮುಗಿಸಲು ನನಗೇನೂ ಬಿಟ್ಟಿರಲಿಲ್ಲ.

ಮೂರು ವರ್ಷವಾಯಿತು. ಮಧ್ಯಾಹ್ನ ಸಿಂಕಿನ ಬಳಿ ಬಾಟಲಿ ತೊಳೆಯುವ ಸದ್ದಾದರೆ ಈಗಲೂ ತಲೆಯೆತ್ತುತ್ತೇನೆ. ಅಲ್ಲೇ ತಾನೆ ನೀವು ಹೊಸಬರಿಗೆ ಕೆಲಸ ಕಲಿಸಿ ಮಾಸ್ಟರ್ ಎನಿಸಿಕೊಂಡದ್ದು? ಅವರು ಕಾಯುತ್ತಿದ್ದರು, ನಿಮ್ಮ ಮಾತು ತಡವಾಗಿಯಾದರೂ ಪೂರ್ತಿ ಬರುತ್ತಿತ್ತು. ಎಷ್ಟೋ ಸಲ ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಆ ದನಿ ನನ್ನ ಮೇಜಿನವರೆಗೆ ಒಮ್ಮೆಯೂ ಬರಲಿಲ್ಲ. ಅದು ಈಗ ಬೇಕೆನಿಸುತ್ತದೆ.

ಈಗ ನಮ್ಮಲ್ಲಿ ಮಾತಾಡುವವರು "ಮುಗೀತು" ಎನ್ನುವವರೆಗೆ ಯಾರೂ ಬಾಯಿ ಹಾಕುವಂತಿಲ್ಲ. ನಿಯಮ ಮಾಡಿದವಳು ನಾನು. ಹೆಚ್ಚು ಸಲ ಮುರಿಯುವವಳೂ ನಾನೇ.

ಆ ಬೀದಿಗಳ ನೀರಿನ ಮರುಪರೀಕ್ಷೆ ನಡೆದಿದೆ. ಸಭೆಯಲ್ಲಿ ಅದರ ಬಗ್ಗೆ ಮಾತಾಡಲು ನಿಮ್ಮನ್ನು ಕರೆಸಲು ಒಪ್ಪಿಗೆ ಪಡೆದಿದ್ದೇನೆ. ಬೆಳಗಿನ ಹೊತ್ತೆಲ್ಲ ನಿಮ್ಮದು. ಬರುವುದಿಲ್ಲ ಎಂದರೂ ಸರಿಯೇ, ಆದರೆ ದಯವಿಟ್ಟು ಫೋನ್ ಮಾಡಿ ಹೇಳಿ. ನೀವು ಮುಗಿಸುವವರೆಗೆ ನಾನು ಸುಮ್ಮನೆ ಫೋನ್ ಹಿಡಿದುಕೊಂಡಿರುತ್ತೇನೆ.

ನಿಮ್ಮ ಸುತ್ತ ನಿಮ್ಮ ಮಾತಿಗೆ ಕಾಯುವವರೇ ಇರಲಿ.

ನಿಮ್ಮ ಹಳೆಯ ಮೇಡಂ

ಇವತ್ತೇ ಕಳಿಸಿದರೆ ಮತ್ತೆ ಅದೇ ಆತುರವಾಗುತ್ತದೆ. ಎರಡು ದಿನ ಬಿಟ್ಟು, ಇನ್ನೊಮ್ಮೆ ಓದಿ, ಮಾರ್ಚ್ ಹನ್ನೊಂದಕ್ಕೆ ಅಂಚೆಗೆ ಹಾಕುತ್ತೇನೆ.