ಷಡ್ಡಕನ ಕೊರಿಯಾ ಕಾರು

ಮಾರ್ಚ್ 14, ಗುರುವಾರ

ನನ್ನ ಕಾರು ಮತ್ತೆ ಗ್ಯಾರೇಜು ಸೇರಿದೆ. ಅತ್ತೆ ಮನೆಗೆ ಇವತ್ತು ಷಡ್ಡಕನ ಕಾರಿನಲ್ಲೇ ಹೋಗಿಬರಬೇಕಾಯಿತು. 'ಅಗ್ಗದ ಕೊರಿಯಾ ಡಬ್ಬ' ಅಂತ ನಾನು ಎಲ್ಲರೆದುರು ಆಡಿಕೊಂಡಿದ್ದ ಅದೇ ಕಾರು. ಈಗ ಯಾವ ಬೀದಿಯಲ್ಲಿ ನೋಡಿದರೂ ಅಂಥವೇ. ಎಲ್ಲಾದರೂ ಗಡಗಡ ಅಂದೀತೇನೋ ಅಂತ ದಾರಿಯುದ್ದಕ್ಕೂ ಕಿವಿಗೊಟ್ಟು ಕೂತೆ. ಹಾಳಾದ್ದು, ಏನೂ ಇಲ್ಲ.

"ಆರು ವರ್ಷ ಆಯ್ತು ಭಾವ, ಆಯಿಲ್ ಬಿಟ್ರೆ ಇದು ಬೇರೇನೂ ಕೇಳಿಲ್ಲ," ಅಂದ. ನಾನು ಕೇಳಿದ್ದೆನಾ?

"ಹಿಂದಿನ ಸೀಟು ಇಕ್ಕಟ್ಟು ಬಿಡು," ಅಂದೆ.

ಅವನು ಕನ್ನಡಿಯಲ್ಲಿ ಹಿಂದಕ್ಕೆ ನೋಡಿ ನಕ್ಕ. ತಿರುಗಿದರೆ, ನನ್ನ ಹೆಂಡತಿ ಬಾಯಿ ಬಿಟ್ಟುಕೊಂಡು ಗಾಢ ನಿದ್ದೆಯಲ್ಲಿದ್ದಾಳೆ. ನನ್ನ ಕಾರಿನಲ್ಲಿ ಬಾಗಿಲ ಹಿಡಿ ಬಿಡದೆ, "ಏನ್ರೀ ಅದು ಸದ್ದು?" ಅಂತ ಕಣ್ಣರಳಿಸಿಕೊಂಡೇ ಕೂರುವವಳು. ನಾನು ಓಡಿಸುವಾಗ ಒಂದು ದಿನವಾದರೂ ಅವಳು ಹಾಗೆ...