ಬ್ಯಾಜಿನ ಮ್ಯಾಲಿನ ಹೆಸರು

೧೩ ಜೂನ್ ೨೦೨೨, ಸೋಮವಾರ

ಉಮರ್ಗಾ. ಲ್ಯಾಬಿನ ಹಿಂದಿನ ಖೋಲಿ. ಇವತ್ತಿಂದ ಇಲ್ಲೇ — ಬರೇ ಮಶೀನು, ಬಾಟ್ಲಿ. ರಕ್ತ ತಗಿಯೋದು ಬಂದ್.

ಮುಂಜಾನೆ ಮಾಲಕ ಮಾಣಿಕಪ್ಪ ಸರ್‌ಗ ಸರ್ಕಾರದ ಹೊಸ ಗುರುತಿನ ಕಾರ್ಡ್ ತೋರಿಸ್ದೆ. ವೈಭವ ಗುರುಲಿಂಗಪ್ಪ, ಟ್ರಾನ್ಸ್‌ಜೆಂಡರ್. ಆರು ವರ್ಷ ಅವ್ರ ಕಡೆ ವೈಷ್ಣವಿ ಅಂತ ದುಡದೀನಿ. ಟೋಲ್ ನಾಕಾದಾಗ ಚಪ್ಪಾಳಿ ಹೊಡಿತಾರಲ್ಲ, ನೀನೂ ಅವ್ರ ಪೈಕಿ ಏನು ಅಂತ ಕೇಳಿದ್ರು. ಅವ್ರೂ ಟ್ರಾನ್ಸ್‌ಜೆಂಡರ್, ನಾನೂ ಅಂದೆ. ಹುಟ್ಟಿದಾಗ ಅವ್ರಿಗೆ ಗಂಡಂತ ಬರದ್ರು, ನನಗ ಹೆಣ್ಣಂತ. ಎರಡೂ ತಪ್ಪು. ನಾ ಟ್ರಾನ್ಸ್ ಮ್ಯಾನ್. ಗೇ ಅಂದ್ರ ಬ್ಯಾರೆ — ಅದು ಯಾರ ಮ್ಯಾಲ ಮನಸು ಅನ್ನೋದು. ಇದು ನಾ ಯಾರು ಅನ್ನೋದು. ಎಲ್ಲಾ ಕೇಳಿದ್ರು, ಗೋಣ ಹಾಕಿದ್ರು. ಆಮ್ಯಾಲ ಈ ಖೋಲಿ ತೋರಿಸಿದ್ರು.

೧೬ ಜೂನ್

ಸಂಡಾಸದ ಚಾವಿ ಕೊಡವಲ್ಲರು. ಹೆಣ್ಮಕ್ಕಳದೂ ಬ್ಯಾಡ, ಗಂಡಸರದೂ ಬ್ಯಾಡ, ಬಸ್ ಸ್ಟ್ಯಾಂಡಿಗೆ ಹೋಗ್ಬೇಕಂತ. ಕಸ ಹೊಡಿಯೋ ಮಲಕಮ್ಮ ಬಂದು ಹೇಳಿದ್ಲು. ಆಕಿಗೂ ಸಂಕಟ. ನನ್ನ ನೋಡಿ 'ಬಂದಾಳ' ಅನ್ನಾಕ ಹೋಗಿ ನುಂಗಿದ್ಲು, 'ಬಂದಾನ' ನಾಲಿಗಿಗೆ ಬರಲಿಲ್ಲ, 'ಬಂದಾರ' ಅಂದ್ಲು. ಇಪ್ಪತ್ತೆಂಟನೇ ವಯಸ್ಸಿಗೇ ಇಷ್ಟು ಮರ್ಯಾದಿ.

ನೀರು ಕುಡಿಯೋದು ಕಡಿಮಿ ಮಾಡೀನಿ.

೨ ಜುಲೈ, ಶನಿವಾರ, ಸಂಜಿ

ನಾಳೆ ದಾಳಿಂಬ ಹಳ್ಳ್ಯಾಗ ಹೆಣ್ಮಕ್ಕಳ ರಕ್ತ ತಪಾಸಣಿ ಕ್ಯಾಂಪ್. ಸರ್ ನನ್ನ ಹಳೇ ಹೆಸರಿನ ಬ್ಯಾಜ್ ಟೇಬಲ್ ಮ್ಯಾಲ ಇಟ್ರು.

"ಒಂದ ದಿನ ವೈಷ್ಣವಿ ಆಗು. ಯಾರೂ ಸಾಯಂಗಿಲ್ಲ."

"ಆರು ವರ್ಷ ಆಗೀನ್ರಿ. ಇನ್ನ ಆಗಂಗಿಲ್ಲ."

ಹಂಗಾರ ಹದಿನೈದು ದಿನ ಮನ್ಯಾಗ ಕೂಡು ಅಂದ್ರು. ಕಾಗದಿಲ್ಲ, ಏನಿಲ್ಲ. ಬಾಡಗಿ ಖೋಲಿಗೆ ಬಂದು ಮಲಗಿಬಿಟ್ಟೆ. ಸಿಟ್ಟು ಬರಬೇಕಿತ್ತು... ನಿದ್ದಿ ಬಂತು.

೧೯ ಜುಲೈ

ನಿನ್ನಿಯಿಂದ ಮತ್ತ ಹಿಂದಿನ ಖೋಲಿ.

ಹನ್ನೊಂದಕ್ಕ ಹೊರಗ ಅವ್ವನ ದನಿ. ಉದಗೀರದಿಂದ ಒಬ್ಬಾಕಿನೇ, ಬಸ್ಸಿನ್ಯಾಗ. ನಾ ವೈಭವ ಅಂದಿದ್ದಕ್ಕ ಅಪ್ಪ ಮನಿ ಹೊಸ್ತಿಲ ತುಳಿಬ್ಯಾಡ ಅಂದ ಮ್ಯಾಲ, ಎರಡು ವರ್ಷ ಆಕಿ ಮುಖ ನೋಡಿರಲಿಲ್ಲ. ಸಕ್ಕರಿ ತಪಾಸಣಿಗಂತ ಬಂದಿದ್ಲು. ಹೊಸ ಹುಡುಗಿ ಸೋನಾಲಿ ಮೂರು ಸಲ ಚುಚ್ಚಿದ್ಲು, ನರ ಸಿಗಲಿಲ್ಲ.

"ಒಳಗ ನನ್ನ ಮಗ ಇದ್ದಾನ," ಅಂದ್ಲು ಅವ್ವ. "ಅಂವಗ ಕರೀರಿ."

ಕೂತವ್ರೆಲ್ಲ ಕೇಳಿದ್ರು. ಸರ್ ಖುದ್ದು ಬಂದು ಕರದ್ರು.

ನನಗ ಒಂದೇ ಸಲಕ್ಕ ನರ ಸಿಕ್ತು. ಅಪ್ಪ ಹ್ಯಾಂಗಿದ್ದಾರ ಅಂದೆ. ಅವ್ರಿಗಿ ಹೇಳಿ ಬಂದಿಲ್ಲ ಅಂದ್ಲು. ರಕ್ತ ನಿಂತ ಮ್ಯಾಲೂ ಹತ್ತಿ ಒತ್ತಿ ಹಿಡದೇ ಇದ್ದೆ. ಆಕಿನೂ ಕೈ ಬಿಡಿಸ್ಕೊಳ್ಳಲಿಲ್ಲ.

ಸಂಜಿಗೆ ನಾ ಹೋಗುವಾಗ ಸರ್ ಅಂದ್ರು, ನರ ಸಿಗಲಾರದವ್ರು ಬಂದ್ರಷ್ಟ ಮುಂದಿನ ಖೋಲಿಗೆ ಬಾ.

೨೦ ಜುಲೈ

ಎರಡು ಸಲ ಕರದ್ರು. ಮೊದಲು ನಿಲಂಗಾದ ಮುದುಕಪ್ಪ. ಕೈ ಚಾಚಿದ, ಹೆಸರು ಕೇಳಲಿಲ್ಲ. ಆಮ್ಯಾಲ ಸಾಸ್ತೂರದ ಬಾಣಂತಿ. ನನ್ನ ನೋಡಿ ಕೈ ಹಿಂದಕ್ಕ ತಗೊಂಡ್ಲು. ಸೂಜಿ ಕೆಳಗಿಟ್ಟೆ. ಅಕ್ಕಾ ಅಂದೆ, ನಾ ವೈಭವ. ಚುಚ್ಚಲೇನು, ನೀವ ಹೇಳ್ರಿ.