ಗೊಂಬೆ ಆಡಿದ ಮಾತು

ಭೀಮರಾಯನಗುಡಿ,
ಮಂಗಳವಾರ, ೧೧-೧೧-೨೦೨೫

ಪ್ರೀತಿಯ ವೈನಿ,

ನಿನ್ನ ಎಡಗಿವಿ ಹೇಗಿದೆ? ಕೇಳಿಸುತ್ತಿದೆಯೋ ಇಲ್ಲವೋ, ಮೊದಲು ಅದನ್ನು ಹೇಳು. ಡಾಕ್ಟರ ಹತ್ತಿರ ಹೋಗಿದ್ದೆಯಾ, ಇಲ್ಲಾ ಬಿಸಿ ಎಣ್ಣೆ ಬಿಟ್ಟುಕೊಂಡು ಸುಮ್ಮನೆ ಮಲಗಿದ್ದೀಯಾ? ಎಣ್ಣೆ ಬಿಡಬೇಡ. ನಿನ್ನ ಅವ್ವ, ಅಪ್ಪ ಆರಾಮ ಇದ್ದಾರೆ ಅಂದುಕೊಂಡಿದ್ದೇನೆ. ನಾವೂ ಇಲ್ಲಿ ಆರಾಮ ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ, ಸುಳ್ಳಾಗುತ್ತದೆ. ನಿನ್ನ ಫೋನನ್ನು ನಿನ್ನ ಗಂಡ ಅನ್ನಿಸಿಕೊಂಡ ನನ್ನ ಅಣ್ಣ ತನ್ನ ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾನೆ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ಸಾಬೇರಾ ರಜೆ ಮುಗಿಸಿ ಕಡೇಚೂರಿನ ಫ್ಯಾಕ್ಟರಿಗೆ ವಾಪಸು ಹೊರಟಿದ್ದಾಳೆ. ದಾರಿಯಲ್ಲಿ ನಿಮ್ಮ ಸೈದಾಪುರದಲ್ಲಿ ಇಳಿದು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾಳೆ. ಬೇರೆ ಯಾರ ಕೈಗಾದರೂ ಕೊಟ್ಟರೆ ನೋಡು ಎಂದು ಹೆದರಿಸಿದ್ದೇನೆ.

ಒಂಬತ್ತು ದಿನದಿಂದ ನನ್ನ ಮೈಯೆಲ್ಲ ಉರಿಯುತ್ತಿದೆ. ಮೊದಲು ನಿನ್ನ ಮೇಲಿನ ಸಿಟ್ಟು ತೀರಿಸಿಕೊಳ್ಳುತ್ತೇನೆ. ಸೋಮವಾರ ನಸುಕಿನಲ್ಲಿ ಒಂದು ಚೀಲ ಹಿಡಿದು ಹೋದೆಯಲ್ಲ, ನನ್ನನ್ನು ಎಬ್ಬಿಸಬೇಕಿತ್ತು. ಬಸ್ಸಿನ ತನಕ ಚೀಲ ಹಿಡಿದುಕೊಂಡು ಬರುತ್ತಿದ್ದೆ. ಎದ್ದು ನೋಡಿದರೆ ಒಲೆ ತಣ್ಣಗಿತ್ತು, ನಿನ್ನ ಚಪ್ಪಲಿ ಇರಲಿಲ್ಲ. ಅವ್ವ ಆಗಲೇ ಓಣಿಯವರಿಗೆ ನೀನು ಹತ್ತಿ ಬಿಡಿಸಲು ತವರಿಗೆ ಹೋದೆ ಎಂದು ಹೇಳಿ ಬಂದಿದ್ದಳು. ಹುಟ್ಟಿದಾಗಿನಿಂದ ಹತ್ತಿ ಹೊಲಕ್ಕೆ ಕಾಲಿಡದವಳು ನೀನು.

ಆ ಗೊಂಬೆಗಳನ್ನು ನಾನು ಹೊಲಿದದ್ದು ಅಂಗನವಾಡಿಯ ಮಕ್ಕಳಿಗೆ. ಮೋನಮ್ಮ ಟೀಚರು ಹತ್ತು ಕೇಳಿದ್ದರು, ಕೈಗೆ ಹಾಕಿಕೊಂಡು ಆಡಿಸುವಂಥವು. ನಿನ್ನ ಮದುವೆಯ ಕುಪ್ಪಸದ ಉಳಿದ ಕೆಂಪು ತುಂಡಿನಲ್ಲಿ ಒಂದು ಹೆಣ್ಣು ಗೊಂಬೆ ಮಾಡಿದ್ದೆ, ಅಣ್ಣನ ಹಳೆಯ ಖಾಕಿ ಪ್ಯಾಂಟಿನಲ್ಲಿ ಮೀಸೆಯ ಗಂಡು ಗೊಂಬೆ. ಅವುಗಳನ್ನು ಕ್ವಾರ್ಟರ್ಸಿನ ಮಂದಿ ಕೂಡಿ ಆಡುವ ಆಟಕ್ಕೆ ಒಯ್ಯಬಾರದಿತ್ತು. ಆದರೆ ಆ ಭಾನುವಾರದ ಆಟ ನಿನಗೂ ಗೊತ್ತಲ್ಲ, ಎಷ್ಟು ಸಪ್ಪೆಯಾಗಿತ್ತು. ಬೇವಿನ ಮರದ ಆ ಕಡೆ ಗಂಡಸರ ಇಸ್ಪೀಟು, ಈ ಕಡೆ ಹೆಂಗಸರ ಹೌಸಿ, ನಡುವೆ ತಣ್ಣಗಾದ ಮಂಡಕ್ಕಿ ಸುಸಲಾ. ಗುರುದೇವಿ ಅಕ್ಕ ಆಕಳಿಸಿ, "ದೇವಿಕಾ, ನಿನ್ನ ಗೊಂಬಿ ತಗೊಂಡು ಬಾ, ಈ ಮುದುಕ್ರನ್ನ ಒಂದೀಟು ಎಬ್ಬಸೂಣು" ಎಂದಳು. ನಾನು ಓಡಿಹೋಗಿ ತಂದೆ. ನಿಯಮ ಮಾಡಿದವಳೂ ನಾನೇ. ಗೊಂಬೆ ಕೈಗೆ ಹಾಕಿಕೊಂಡವರು ಮಾತಾಡುವಂತಿಲ್ಲ, ಗೊಂಬೆಯೇ ಮಾತಾಡಬೇಕು. ಗೊಂಬೆ ಏನೇ ಅಂದರೂ ಯಾರೂ ಸಿಟ್ಟು ಮಾಡುವಂತಿಲ್ಲ. ಎಲ್ಲರ ಮುಂದೆ ಗಂಡಸರೂ ಒಪ್ಪಿದರು, ಅಣ್ಣನೂ ತಲೆಯಾಡಿಸಿದ.

ಎಷ್ಟು ನಕ್ಕೆವು ಆವತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ಗೊಂಬೆಯ ಕೈಯಲ್ಲಿ ಒಡಪು ಕಟ್ಟಿ ಹೆಸರು ಹೇಳಿಸಿದರು. ಗುರುದೇವಿ ಅಕ್ಕನ ಗೊಂಬೆ ತನ್ನ ಗಂಡನ ಗೊರಕೆಗೆ ಕಾಲುವೆಯ ಗೇಟು ಅದುರುತ್ತದೆ ಎಂದಿತು, ವಿಶ್ವರಾಧ್ಯ ಮಾಮಾನೇ ಎಲ್ಲರಿಗಿಂತ ಹೆಚ್ಚು ನಕ್ಕ. ಆಮೇಲೆ ಕೆಂಪು ಗೊಂಬೆ ನಿನ್ನ ಕೈಗೆ ಬಂತು. ನೀನು ಬಹಳ ಹೊತ್ತು ಅದರ ಮುಖ ನೋಡಿದೆ. ಆಮೇಲೆ ಸಣ್ಣ ದನಿಯಲ್ಲಿ ಅಂದೆ:

"ಹೊಲದಾಗ ಅರಳ್ಯಾದ ಹತ್ತಿ ಕಾಯಿ,
ಮಂದಿ ಮುಂದ ನಗತದ ಪರಮಣ್ಣನ ಬಾಯಿ,
ಮನಿಗಿ ಬಂದ್ರ ಕೈ ಮಾತಾಡ್ತದ."

ಮಂದಿ ಚಪ್ಪಾಳೆ ತಟ್ಟಿದರು. ಪ್ರಾಸ ತಪ್ಪಿತು ಎಂದು ಯಾರೋ ಕೂಗಿದರು. ಅಣ್ಣ ನಗುತ್ತಲೇ ಎದ್ದು ಬಂದು ಖಾಕಿ ಗೊಂಬೆಗೆ ಕೈ ಹಾಕಿದ, ನಗುತ್ತಲೇ ಆ ಗೊಂಬೆಯಿಂದ ನಿನ್ನ ಗೊಂಬೆಯ ಕೆನ್ನೆಗೆ ಬಾರಿಸಿದ. ಒಂದಲ್ಲ, ನಾಲ್ಕು ಸಲ. ನಿನ್ನ ಗೊಂಬೆಯ ತಲೆ ಒಂದು ಕಡೆ ವಾಲಿತು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅರಿವೆ ಅರಿವೆಗೆ ಹೊಡೆದರೆ ಸಪ್ಪಳ ಬರುವುದಿಲ್ಲವಲ್ಲ, ಅದಕ್ಕೆ ಅವರಿಗೆ ಅದು ಆಟ. ನೀನು ಗೊಂಬೆಯನ್ನು ತೆಗೆದು, ಮಡಚಿ, ನನ್ನ ತೊಡೆಯ ಮೇಲೆ ಇಟ್ಟು ಎದ್ದು ಹೋದೆ. ಸಿಟ್ಟಿಲ್ಲ ಎಂಬ ನಿಯಮವನ್ನು ಅಷ್ಟು ಮಂದಿಯಲ್ಲಿ ನಂಬಿದವಳು ನೀನೊಬ್ಬಳೇ. ಮನೆಗೆ ಬಂದ ಮೇಲೆ ಅಣ್ಣ ಅದನ್ನು ಹೇಗೆ ಮುರಿದ ಎನ್ನುವುದು ನಿನ್ನ ಕಿವಿಗೆ ಗೊತ್ತು.

ಮೊನ್ನೆ ಭಾನುವಾರ ನಾಗಣ್ಣ ಕಾಕಾ ಬಂದಿದ್ದ. ನಿಮ್ಮ ಸಂಬಂಧ ಕೂಡಿಸಿದವನು ಅವನೇ ಅಲ್ಲವೇ, ಅದಕ್ಕೇ ರಾಜಿ ಮಾಡಿಸಲು ಕರೆಸಿದ್ದಾರೆ. ಅಣ್ಣ ಬಿಳಿ ಅಂಗಿ ತೊಟ್ಟು, ಕೈ ಕಟ್ಟಿಕೊಂಡು, ಹಸುವಿನ ಹಾಗೆ ಕೂತಿದ್ದ. ಎಲ್ಲ ಕೇಳಿ ಕಾಕಾ ಅಂದದ್ದು ಇಷ್ಟೇ: "ಗೊಂಬಿ ಆಡಿದ ಮಾತಿಗಿ ಯಾರರ ಸಂಸಾರ ಮುರ್ಕೊಂತಾರೇನು? ನಕ್ಕು ಬಿಡಬೇಕ್ರಿ ಅದನ್ನ." ಆಮೇಲೆ ಅವ್ವನನ್ನು ಕೇಳಿದ, ಮನೆಯಲ್ಲಿ ಎಂದಾದರೂ ಹೊಡೆದದ್ದು, ಬಡಿದದ್ದು ಕೇಳಿಸಿದೆಯೇ ಎಂದು. ಅವ್ವ ಸೆರಗು ಸರಿಮಾಡಿಕೊಂಡು, ಇಲ್ಲ ಅಂದಳು. ನಮ್ಮ ಕ್ವಾರ್ಟರ್ಸಿನ ಗೋಡೆ ಎಷ್ಟು ತೆಳುವೆಂದರೆ ಆಚೆ ಮನೆಯ ಸಾಬೇರಾ ಬಳೆ ತೆಗೆದಿಟ್ಟರೆ ನಮಗೆ ತಿಳಿಯುತ್ತದೆ. ನನ್ನನ್ನೂ ಕೇಳಿದ. ಅವ್ವ ನನ್ನ ಕಾಲು ತುಳಿದಳು. ನಾನು ನೀರು ತರುತ್ತೇನೆ ಎಂದು ಒಳಗೆ ಹೋಗಿಬಿಟ್ಟೆ.

ಈಗ ಶುಕ್ರವಾರ ಅಣ್ಣ, ಅವ್ವ, ಕಾಕಾ ಮೂವರೂ ನಿನ್ನನ್ನು ಕರೆತರಲು ಬರುತ್ತಿದ್ದಾರೆ. ಅಣ್ಣ ಸೀರೆ ತಂದಿಟ್ಟಿದ್ದಾನೆ, ಹಸಿರು. ಎಲ್ಲರ ಮುಂದೆ ನಗುತ್ತಾನೆ. ನಿನ್ನ ಅಪ್ಪನ ಕಾಲಿಗೂ ಬೀಳಬಹುದು. ನಿನ್ನ ಅಪ್ಪ ಮೆತ್ತನೆಯ ಮನುಷ್ಯ, ಅದೇ ನನಗೆ ಭಯ.

ಕಿವಿಗೆ ನೀರು ಬೀಳದಂತೆ ನೋಡಿಕೋ. ನಿನ್ನ ಅವ್ವ, ಅಪ್ಪನಿಗೆ ನನ್ನ ಶರಣಾರ್ಥಿ. ಗುರುದೇವಿ ಅಕ್ಕ ಕೇಳಿದಳೆಂದು ಹೇಳು ಅಂದಳು. ಕೇಳುವವಳು ಆವತ್ತೇ ಕೇಳಬೇಕಿತ್ತು ಎಂದು ಅವಳ ಮುಖಕ್ಕೇ ಹೇಳಿ ಬಂದಿದ್ದೇನೆ. ಈ ಮನೆಯಿಂದ ಮತ್ತೆ ಯಾರ ಶರಣಾರ್ಥಿಯೂ ಇಲ್ಲ.

ನಿನ್ನ
ದೇವಿಕಾ

ತಾ.ಕ.: ಸಾಬೇರಾ ಬಾಗಿಲಲ್ಲಿ ನಿಂತು ಬಸ್ಸು, ಬಸ್ಸು ಎನ್ನುತ್ತಿದ್ದಾಳೆ. ಮೇಲೆ ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತೇನೆ. ಎರಡು ವರ್ಷ ಗೋಡೆಯ ಈಚೆ ಕಡೆ ನನಗೆ ಎಲ್ಲಾ ಕೇಳಿಸಿದೆ ವೈನಿ. ಕೇಳಿಸಿದಾಗೆಲ್ಲ ಹೊಲಿಗೆ ಮಶೀನು ಜೋರಾಗಿ ತುಳಿದೆ. ಬಟ್ಟೆ ಇಲ್ಲದಿದ್ದರೂ ತುಳಿದೆ. ಆ ಭಾನುವಾರ ನಕ್ಕವರಲ್ಲಿ ನಾನೂ ಇದ್ದೆ. ಇವತ್ತು ಬೆಳಿಗ್ಗೆ ನಾಗಣ್ಣ ಕಾಕಾನ ಮನೆಗೆ ಹೋಗಿ ಹೇಳಿ ಬಂದೆ, ಕೈಯಲ್ಲಿ ಗೊಂಬೆ ಇಲ್ಲದೆ. "ನಿಮ್ಮಣ್ಣನ ಮುಂದ ಹೇಳ್ತಿಯೇನವ್ವ?" ಎಂದು ಕೇಳಿದ. ಹೇಳುತ್ತೇನೆ ಅಂದೆ. ಅವರು ಬರುವುದು ಶುಕ್ರವಾರ, ನಾನು ಗುರುವಾರವೇ ಬರುತ್ತೇನೆ. ನಿನ್ನ ಪಕ್ಕದಲ್ಲಿ, ಎಡಗಿವಿಯ ಕಡೆ ಕೂರುತ್ತೇನೆ. ಮಶೀನು ತರುವುದಿಲ್ಲ.